ಹಳೆಯ ಪಿಸಿಗೆ ಲಿನಕ್ಸ್ ಹಾಕುವಾಗ ಎದುರಾಗುವ ಹಾರ್ಡ್‌ವೇರ್ ತೊಂದರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅರ್ಹತೆ ಇಲ್ಲದ ಯಂತ್ರವನ್ನು ಗುಜರಿಗೆ ಕೊಡುವ ಬದಲು ಲಿನಕ್ಸ್ ಹಾಕಿ ಇನ್ನಷ್ಟು ವರ್ಷ ಬಳಸೋಣ ಎಂದು ಹೊರಟವರಿಗಾಗಿ ಈ ಪುಟ ಬರೆದಿದ್ದೇನೆ. ಸುಮಾರು 2005ರಿಂದ 2014ರ ನಡುವಿನ ಪಿಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಪೆಂಟಿಯಂ 4, ಕೋರ್ 2 ಡ್ಯುಯೋ, ಜಿ31 ಮತ್ತು ಜಿ41 ಬೋರ್ಡುಗಳು, ಮೊದಲ ತಲೆಮಾರುಗಳ ಐ3, ಆಟಮ್ ನೆಟ್‌ಬುಕ್‌ಗಳು ಇದರಲ್ಲಿ ಸೇರಿವೆ.

ಲಿನಕ್ಸ್ ಕೈಕೊಟ್ಟಿತು ಎಂಬ ದೂರುಗಳನ್ನು ಬಿಡಿಸಿ ನೋಡಿದರೆ ಒಳಗೆ ಸಿಗುವುದು ಹೆಚ್ಚಾಗಿ ಯಂತ್ರದ ಮುಪ್ಪು. ಒಣಗಿದ ಥರ್ಮಲ್ ಪೇಸ್ಟ್, ಸತ್ತ ಬ್ಯಾಟರಿ, ಸಡಿಲವಾದ ಕೇಬಲ್, ಸೋತ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ). ಅದಕ್ಕೇ ಇಲ್ಲಿ ಮೊದಲು ಸ್ಕ್ರೂಡ್ರೈವರ್, ಆಮೇಲೆ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ). ಆದೇಶಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿ.

ಲಿನಕ್ಸ್ ಹಾಕಲು ಪೆನ್‌ಡ್ರೈವ್ ತಯಾರಿಸುವ ಮೊದಲು ಯಂತ್ರದಲ್ಲಿ ಏನೇನು ನೋಡಬೇಕು?

ಮೊದಲು ನಿಮ್ಮ ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಇದಾಗದೆ ಮುಂದಿನ ಸಾಲನ್ನೂ ಓದಬೇಡಿ.

ಆಮೇಲೆ ವಿದ್ಯುತ್ ತಂತಿ ಕಿತ್ತು ಕ್ಯಾಬಿನೆಟ್ ತೆರೆಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದು ಬ್ರಷ್‌ನಿಂದ ಧೂಳು ತೆಗೆಯಿರಿ. ಹೀಟ್‌ಸಿಂಕ್‌ನ ಪದರಗಳ ನಡುವೆ ಧೂಳು ಕಂಬಳಿಯಂತೆ ಗಟ್ಟಿಯಾಗಿ ಕೂತಿರುತ್ತದೆ, ಅದು ಪೂರ್ತಿ ಹೋಗಬೇಕು. ಹತ್ತು ವರ್ಷ ಮುಟ್ಟದ ಯಂತ್ರವಾದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಪುಡಿಯಾಗಿರುತ್ತದೆ. ಒರೆಸಿ, ಹೊಸದನ್ನು ಕಾಳಿನಷ್ಟು ಹಾಕಿ. ಲಿನಕ್ಸ್ ಇನ್‌ಸ್ಟಾಲ್ ಆಗುವಾಗ ಪ್ರೊಸೆಸರ್ ಬಹಳ ಹೊತ್ತು ಪೂರ್ಣ ವೇಗದಲ್ಲಿ ದುಡಿಯುತ್ತದೆ. ಬರೀ ಬಿಲ್ ಟೈಪ್ ಮಾಡುತ್ತಾ ಬದುಕಿದ್ದ ಯಂತ್ರ ಆ ಹೊತ್ತಿನಲ್ಲೇ ಕಾದು ಆಫ್ ಆಗುವುದು ಇದಕ್ಕೇ.

ಮದರ್‌ಬೋರ್ಡಿನ ಕೆಪಾಸಿಟರ್‌ಗಳನ್ನು ಬೆಳಕು ಹಿಡಿದು ನೋಡಿ. ಅವುಗಳ ತಲೆ ಸಪಾಟಾಗಿರಬೇಕು. ಉಬ್ಬಿದ್ದರೆ, ಅಥವಾ ಕಂದು ಬಣ್ಣದ ಅಂಟು ಸೋರಿದ್ದರೆ, ಯಾವ ತಂತ್ರಾಂಶದಿಂದಲೂ ಆ ಬೋರ್ಡ್ ಸ್ಥಿರವಾಗಿ ನಡೆಯುವುದಿಲ್ಲ. 2000ರ ದಶಕದ ಮೊದಲ ಭಾಗದಲ್ಲಿ ಕಳಪೆ ಕೆಪಾಸಿಟರ್‌ಗಳು ಹಲವು ತಯಾರಕರ ಬೋರ್ಡುಗಳಿಗೆ ಸೇರಿಹೋಗಿದ್ದವು, ಆ ಕಾಲದ ಬೋರ್ಡಿನಲ್ಲಿ ಇದನ್ನು ತಪ್ಪದೆ ನೋಡಬೇಕು. ಬೆಸುಗೆ ಬಲ್ಲವರು ಬದಲಿಸಿಕೊಡುತ್ತಾರೆ.

ರ‍್ಯಾಮ್ ಪಟ್ಟಿಗಳನ್ನು ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಬದಿಯ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ರಿಪೇರಿ ಅಂಗಡಿಯವರು ಮೊದಲು ಮಾಡುವ ಕೆಲಸವೂ ಇದೇ. ಆನ್ ಮಾಡಿದಾಗ ಉದ್ದನೆಯ ಬೀಪ್ ನಿಲ್ಲದೆ ಬರುತ್ತಿದ್ದ ಎಷ್ಟೋ ಯಂತ್ರಗಳು ಇಷ್ಟರಿಂದಲೇ ಎದ್ದು ಕೂರುತ್ತವೆ.

ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್ ಯುಪಿಎಸ್ ಮೇಲಿರಲಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿರಲಿ. ಡಿಸ್ಕ್ ವಿಭಾಗಿಸುವ ನಡುವೆ ಕರೆಂಟ್ ಹೋದರೆ ಕೆಲಸ ಮೊದಲಿನಿಂದ.

ನನ್ನ ಪ್ರೊಸೆಸರ್ 32 ಬಿಟ್ಟೋ 64 ಬಿಟ್ಟೋ? ಗೊತ್ತಾಗುವುದು ಹೇಗೆ?

ಯಂತ್ರದಲ್ಲಿ 32 ಬಿಟ್ ವಿಂಡೋಸ್ 7 ಇದ್ದ ಮಾತ್ರಕ್ಕೆ ಪ್ರೊಸೆಸರ್ 32 ಬಿಟ್ ಎಂದು ತಿಳಿಯಬೇಡಿ. ಅಂಗಡಿಯವರು 2 ಜಿಬಿ ರ‍್ಯಾಮ್ ನೋಡಿ 32 ಬಿಟ್ ವಿಂಡೋಸ್ ಹಾಕಿಕೊಡುವುದು ರೂಢಿಯಾಗಿತ್ತು. ಕೋರ್ 2 ಡ್ಯುಯೋ, ಪೆಂಟಿಯಂ ಡ್ಯುಯಲ್ ಕೋರ್ ಇ ಸರಣಿಯಂಥವು 64 ಬಿಟ್ ಪ್ರೊಸೆಸರ್‌ಗಳೇ. ನಿಜವಾಗಿ 32 ಬಿಟ್‌ಗೆ ಸೀಮಿತವಾದವು ಪೆಂಟಿಯಂ 3, ಮೊದಲ ಪೆಂಟಿಯಂ 4ಗಳು, ಪೆಂಟಿಯಂ ಎಂ, 2006ರ ಕೋರ್ ಡ್ಯುಯೋ (ಕೋರ್ 2 ಅಲ್ಲ) ಮತ್ತು ನೆಟ್‌ಬುಕ್‌ಗಳಲ್ಲಿದ್ದ ಆಟಮ್ ಎನ್270. ಯಾವುದಾದರೂ ಲೈವ್ ಲಿನಕ್ಸ್‌ನಲ್ಲಿ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್) ಎಲ್‌ಎಸ್‌ಸಿಪಿಯು ಆದೇಶ ಕೊಟ್ಟರೆ ಮೊದಲ ಸಾಲುಗಳಲ್ಲೇ ಉತ್ತರವಿರುತ್ತದೆ.

64 ಬಿಟ್ ಆಗಿದ್ದರೆ ಯೋಚಿಸದೆ 64 ಬಿಟ್ ಆವೃತ್ತಿಯನ್ನೇ ಹಾಕಿ. 32 ಬಿಟ್ ಆಗಿದ್ದರೆ ದಾರಿ ಕಿರಿದಾಗುತ್ತಿದೆ. ವಿತರಣೆ ಎಂದು ಕರೆಯುವ ಲಿನಕ್ಸ್ ಬಗೆಗಳಲ್ಲಿ ಒಂದಾದ ಉಬುಂಟು ತನ್ನ 32 ಬಿಟ್ ಡೆಸ್ಕ್‌ಟಾಪ್ ಇನ್‌ಸ್ಟಾಲ್ ಕಡತವನ್ನು 2017ರ 17.10 ಆವೃತ್ತಿಯಲ್ಲೇ ಕೈಬಿಟ್ಟಿತು. ಡೆಬಿಯನ್ 12ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇತ್ತು, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಇಲ್ಲ. ಆಂಟಿಎಕ್ಸ್ 23 ಮತ್ತು ಆಲ್ಪೈನ್ 32 ಬಿಟ್‌ನಲ್ಲಿ ಸಿಗುತ್ತವೆ. ಪೆಂಟಿಯಂ ಎಂ ಲ್ಯಾಪ್‌ಟಾಪ್‌ನಲ್ಲಿ ಪಿಎಇ (32 ಬಿಟ್ ಪ್ರೊಸೆಸರ್ ಹೆಚ್ಚು ಮೆಮೊರಿ ಬಳಸಲು ನೆರವಾಗುವ ಸೌಲಭ್ಯ) ಇಲ್ಲ ಎಂಬ ಸಂದೇಶ ಬಂದು ನಿಂತರೆ ಬೂಟ್ ಸಾಲಿಗೆ (ಅದನ್ನು ತಿದ್ದುವ ಬಗೆ ಕೆಳಗೆ ಕಪ್ಪು ಪರದೆಯ ಪ್ರಶ್ನೆಯಲ್ಲಿದೆ) ಫೋರ್ಸ್‌ಪಿಎಇ ಎಂಬ ಪದ ಸೇರಿಸಿ. ಆ ಸೌಲಭ್ಯ ಪ್ರೊಸೆಸರ್‌ನಲ್ಲಿ ಇರುತ್ತದೆ, ಇದೆ ಎಂದು ಅದು ಹೇಳಿಕೊಳ್ಳುವುದಿಲ್ಲ ಅಷ್ಟೇ.

ಇನ್ನೊಂದು ವಿಚಿತ್ರ ಗುಂಪು ಇದೆ. ಆಟಮ್ ಝಡ್3735ಎಫ್ ಇರುವ ಅಗ್ಗದ ಟ್ಯಾಬ್ಲೆಟ್ ಮತ್ತು ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ 64 ಬಿಟ್, ಯಂತ್ರವನ್ನು ಎಬ್ಬಿಸುವ ಯುಇಎಫ್‌ಐ ತಂತ್ರಾಂಶ ಮಾತ್ರ 32 ಬಿಟ್. ಸಾಮಾನ್ಯ ಪೆನ್‌ಡ್ರೈವ್ ಇವಕ್ಕೆ ಕಾಣುವುದೇ ಇಲ್ಲ. ಡೆಬಿಯನ್ನಿನ 64 ಬಿಟ್ ಇನ್‌ಸ್ಟಾಲರ್‌ನಲ್ಲಿ 32 ಬಿಟ್ ಯುಇಎಫ್‌ಐಗೆ ಬೇಕಾದ ಬೂಟ್ ಕಡತವೂ ಇರುವುದರಿಂದ ಅದರಿಂದಲೇ ಆರಂಭಿಸಿ. ಹಾಕಿದ ಮೇಲೆ ಯಂತ್ರ ಆಗಾಗ ಪೂರ್ತಿ ಹೆಪ್ಪುಗಟ್ಟಿದರೆ ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1 ಎಂಬ ಬೂಟ್ ಆಯ್ಕೆ ಈ ಪೀಳಿಗೆಗೆ ಹೆಸರುವಾಸಿಯಾದ ಮದ್ದು. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗುತ್ತದೆ.

ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಕಾಣುತ್ತಿಲ್ಲ.

ಹಳೆಯ ಬಯಾಸ್‌ಗಳಲ್ಲಿ (ಆನ್ ಮಾಡಿದ ಕೂಡಲೇ ಓಡುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ; ಯುಇಎಫ್‌ಐ ಇದರ ಹೊಸ ರೂಪ) ಪೆನ್‌ಡ್ರೈವ್ ಅಡಗಿ ಕೂರುವ ಜಾಗ ಬೇರೆ. ಬೂಟ್ ಕ್ರಮದ ಪಟ್ಟಿಯಲ್ಲಿ ಯುಎಸ್‌ಬಿ ಎಂದು ಹುಡುಕಿದರೆ ಸಿಗದು. ಪಕ್ಕದಲ್ಲೇ ಇರುವ ಹಾರ್ಡ್ ಡಿಸ್ಕ್ ಆದ್ಯತೆಯ ಉಪಮೆನುವಿಗೆ ಹೋಗಿ, ಅಲ್ಲಿ ನಿಮ್ಮ ಸಾಟಾ ಡಿಸ್ಕಿನ ಕೆಳಗೆ ಪೆನ್‌ಡ್ರೈವಿನ ಹೆಸರಿರುತ್ತದೆ. ಅದನ್ನು ಮೇಲಕ್ಕೆ ತನ್ನಿ. ಬಯಾಸ್ ತೆರೆಯುವ ಮೊದಲೇ ಪೆನ್‌ಡ್ರೈವ್ ಸಿಕ್ಕಿಸಿರಬೇಕು, ಇಲ್ಲದಿದ್ದರೆ ಆ ಹೆಸರು ಬರುವುದಿಲ್ಲ. ಯುಎಸ್‌ಬಿ ಜಿಪ್, ಯುಎಸ್‌ಬಿ ಎಚ್‌ಡಿಡಿ ಎಂದು ಎರಡು ಆಯ್ಕೆ ಇದ್ದರೆ ಎರಡನೆಯದನ್ನು ಆರಿಸಿ.

ಮುಂಭಾಗದ ಪೋರ್ಟ್ ಬಿಟ್ಟು ಹಿಂಭಾಗದಲ್ಲಿ, ಮದರ್‌ಬೋರ್ಡಿಗೇ ಅಂಟಿಕೊಂಡ ಪೋರ್ಟಿನಲ್ಲಿ ಹಾಕಿ. ಒಮ್ಮೆ ಮಾತ್ರ ಬೂಟ್ ಮಾಡುವ ಮೆನುವಿನ ಕೀಲಿ ಡೆಲ್, ಲೆನೊವೊ, ಗಿಗಾಬೈಟ್‌ಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಇಂಟೆಲ್‌ನ ಸ್ವಂತ ಬೋರ್ಡಿನಲ್ಲಿ ಎಫ್10, ಆಸುಸ್ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಎಫ್8. ಏಸರ್ ಲ್ಯಾಪ್‌ಟಾಪ್‌ಗಳಲ್ಲಿಯೂ ಎಫ್12, ಆದರೆ ಹಲವು ಮಾದರಿಗಳಲ್ಲಿ ಅದನ್ನು ಮೊದಲು ಬಯಾಸ್‌ನಲ್ಲಿ ಸಕ್ರಿಯಗೊಳಿಸಬೇಕು.

ಇಷ್ಟಾದರೂ ಬರದಿದ್ದರೆ ಪೆನ್‌ಡ್ರೈವ್ ಮೇಲೆ ಅನುಮಾನ ಪಡಿ. ಇನ್‌ಸ್ಟಾಲ್‌ಗೆ ಇಳಿಸಿಕೊಂಡ ಐಎಸ್‌ಒ ಕಡತವನ್ನು ಎಳೆದು ಪೆನ್‌ಡ್ರೈವಿಗೆ ಬಿಟ್ಟರೆ ಅದು ಬೂಟ್ ಆಗುವುದಿಲ್ಲ, ರೂಫಸ್ ಅಥವಾ ಎಚರ್‌ನಂಥ ಸಾಧನದಿಂದ ಬರೆಯಬೇಕು. ಇಳಿಸಿಕೊಂಡ ಕಡತದ ಎಸ್‌ಎಚ್‌ಎ256 ಮೊತ್ತವನ್ನು (ಕಡತ ಕೆಟ್ಟಿಲ್ಲವೆಂದು ಖಚಿತಪಡಿಸುವ ಸಂಖ್ಯೆ) ವಿತರಣೆಯ ಪುಟದಲ್ಲಿರುವುದರೊಂದಿಗೆ ಹೋಲಿಸಿ. 64 ಜಿಬಿ ಎಂದು ಮುದ್ರಿಸಿ ಒಳಗೆ 8 ಜಿಬಿ ಚಿಪ್ ಇಟ್ಟ ನಕಲಿ ಪೆನ್‌ಡ್ರೈವ್‌ಗಳು ಬೀದಿಬದಿಯಲ್ಲೂ ಆನ್‌ಲೈನ್‌ನಲ್ಲೂ ಧಾರಾಳವಾಗಿವೆ. ಎಫ್3 ಎಂಬ ಉಪಕರಣ ನಿಜವಾದ ಅಳತೆಯನ್ನು ಬಯಲು ಮಾಡುತ್ತದೆ.

ಬಯಾಸ್‌ನಲ್ಲಿ ಅಥವಾ ಬೂಟ್ ಮೆನುವಿನಲ್ಲಿ ಕೀಬೋರ್ಡ್ ಓಡುತ್ತಿಲ್ಲ.

ವೈರ್‌ಲೆಸ್ ಕೀಬೋರ್ಡ್ ಬದಿಗಿಟ್ಟು ತಂತಿಯದನ್ನು ತನ್ನಿ. ಅದೂ ಆಗದಿದ್ದರೆ ಗುಂಡಗಿನ ನೇರಳೆ ಬಣ್ಣದ ಪೋರ್ಟಿಗೆ ಪಿಎಸ್/2 ಕೀಬೋರ್ಡ್ ಹಾಕಿ ಒಳಹೊಕ್ಕು, ಲೆಗಸಿ ಯುಎಸ್‌ಬಿ ಬೆಂಬಲವನ್ನು ಆನ್ ಮಾಡಿ. ಪಿಎಸ್/2 ಕೀಬೋರ್ಡನ್ನು ಯಂತ್ರ ಆಫ್ ಇರುವಾಗಲೇ ಸಿಕ್ಕಿಸಬೇಕು.

ಲೈವ್ ಲಿನಕ್ಸ್ ಶುರುವಾಗುತ್ತದೆ, ಆದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಕೇಬಲ್‌ನಿಂದ ಶುರುಮಾಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದು, ಮಾನಿಟರ್ ತಂತಿ ಮದರ್‌ಬೋರ್ಡಿನ ವಿಜಿಎ ಕಿಂಡಿಯಲ್ಲೇ ಉಳಿದಿದ್ದರೆ ಕತ್ತಲೆಯೇ ಗತಿ.

ಕೇಬಲ್ ಸರಿಯಿದ್ದರೆ ಮುಂದಿನ ಹೆಜ್ಜೆ ನೋಮೋಡ್‌ಸೆಟ್. ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಗ್ರಾಫಿಕ್ಸ್ ಚಿಪ್ಪಿನ ಹತೋಟಿ ತೆಗೆದುಕೊಳ್ಳುವ ಕ್ಷಣದಲ್ಲಿ ಹಳೆಯ ಚಿಪ್ಪುಗಳು ಎಡವುತ್ತವೆ. ಈ ಪದ ಅದನ್ನು ತಡೆದು, ಬಯಾಸ್ ಕೊಟ್ಟ ಸರಳ ಚಿತ್ರವ್ಯವಸ್ಥೆಯಲ್ಲೇ ಮುಂದುವರಿಸುತ್ತದೆ. ಪೆನ್‌ಡ್ರೈವಿನ ಮೆನು ಬಂದಾಗ ಮೊದಲ ಸಾಲಿನ ಮೇಲೆ ನಿಂತು ಇ ಕೀಲಿ ಒತ್ತಿ. ಲಿನಕ್ಸ್ ಎಂಬ ಪದದಿಂದ ಆರಂಭವಾಗುವ ಉದ್ದನೆಯ ಸಾಲಿನ ಕೊನೆಗೆ ಹೋಗಿ, ಒಂದು ಖಾಲಿ ಜಾಗ ಬಿಟ್ಟು ನೋಮೋಡ್‌ಸೆಟ್ ಎಂದು ಸೇರಿಸಿ, ಎಫ್10 ಒತ್ತಿ. ಹಳೆಯ ಬಗೆಯ ಮೆನುವಾದರೆ ಇ ಬದಲು ಟ್ಯಾಬ್ ಕೀಲಿ, ಎಫ್10 ಬದಲು ಎಂಟರ್. ಇದೇ ಸಾಲಿನಲ್ಲಿ ಕ್ವೈಟ್ ಮತ್ತು ಸ್ಪ್ಲಾಷ್ ಎಂಬ ಪದಗಳನ್ನೂ ಅಳಿಸಿಬಿಡಿ. ಆಗ ಯಂತ್ರ ಏನು ಮಾಡುತ್ತಿದೆ, ಎಲ್ಲಿ ನಿಂತಿತು ಎಂಬುದು ಪರದೆಯ ಮೇಲೆ ಓಡುತ್ತದೆ.

ನೋಮೋಡ್‌ಸೆಟ್‌ನೊಂದಿಗೆ ಇನ್‌ಸ್ಟಾಲ್ ಮುಗಿಸಿದ ಮೇಲೆ ಅದನ್ನು ಹಾಗೇ ಬಿಡಬೇಡಿ. ಅದಿದ್ದರೆ ವಿಡಿಯೊ ತಡವರಿಸುತ್ತದೆ, ಪರದೆಯ ಅಳತೆ ಸರಿಹೋಗುವುದಿಲ್ಲ. ಎಲ್ಲ ಅಪ್‌ಡೇಟ್‌ಗಳನ್ನು ಹಾಕಿ, ಬೇಕಾದ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ತಂತ್ರಾಂಶ) ಸೇರಿಸಿ, ಒಮ್ಮೆ ಆ ಪದವಿಲ್ಲದೆ ಬೂಟ್ ಮಾಡಿ ನೋಡಿ. ಹಳೆಯ ರೇಡಿಯಾನ್ ಕಾರ್ಡುಗಳಲ್ಲಿ ತೊಂದರೆಯ ಮೂಲ ಹೆಚ್ಚಾಗಿ ಫರ್ಮ್‌ವೇರ್ ಇಲ್ಲದಿರುವುದು.

ಎನ್ವಿಡಿಯಾ ಕಾರ್ಡ್ ಇದ್ದವರಿಗೆ ಒಂದು ಮಾತು. ಜಿಫೋರ್ಸ್ 8400, 9400, 210ರಂಥವಕ್ಕೆ ಹೊಂದುವ 340 ಸರಣಿಯ ಡ್ರೈವರ್‌ಗೆ ಕಂಪನಿ 2019ರ ಕೊನೆಗೆ ಬೆಂಬಲ ನಿಲ್ಲಿಸಿದೆ. ಹೊಸ ಕರ್ನಲ್‌ಗೆ ಅದನ್ನು ಹೊಂದಿಸುವ ಸಾಹಸಕ್ಕಿಂತ ಕರ್ನಲ್ ಜೊತೆಗೇ ಬರುವ ನೂವೋ ಡ್ರೈವರ್ ಸಾಕು. ಅದರಲ್ಲೂ ಯಂತ್ರ ಹೆಪ್ಪುಗಟ್ಟುತ್ತಿದ್ದರೆ ಕಾರ್ಡನ್ನೇ ತೆಗೆದು ಮದರ್‌ಬೋರ್ಡಿನ ಇಂಟೆಲ್ ಗ್ರಾಫಿಕ್ಸ್ ಬಳಸಿ. ಬರಹ, ಬ್ರೌಸರ್, ಲೆಕ್ಕಪತ್ರಕ್ಕೆ ಅದರಲ್ಲಿ ಯಾವ ಕೊರತೆಯೂ ಇಲ್ಲ.

ನಿಜಕ್ಕೂ ಕಷ್ಟ ಕೊಡುವುದು ಆಟಮ್ ಡಿ2500, ಡಿ2700, ಎನ್2600 ಚಿಪ್ಪುಗಳು. ಅವುಗಳಲ್ಲಿರುವ ಜಿಎಂಎ 3600 ಕುಟುಂಬದ ಗ್ರಾಫಿಕ್ಸ್ ಇಂಟೆಲ್‌ನ ಸ್ವಂತದ್ದಲ್ಲ, ಪವರ್‌ವಿಆರ್ ಮೂಲದ್ದು. ಚಿತ್ರ ಮೂಡುತ್ತದೆ, ವೇಗವರ್ಧನೆ ಸಿಗುವುದಿಲ್ಲ. ಇವುಗಳಿಗಿಂತ ಹಿಂದಿನ ಡಿ525, ಎನ್450ರಲ್ಲಿ ಈ ತೊಂದರೆ ಇಲ್ಲ.

ಚಿತ್ರ ಬರುತ್ತದೆ, ಆದರೆ 1024x768ಕ್ಕಿಂತ ಮೇಲೆ ಹೋಗುವುದಿಲ್ಲ.

ವಿಜಿಎ ಕೇಬಲ್ಲಿನ ಪಿನ್‌ಗಳನ್ನು ನೋಡಿ. 12 ಮತ್ತು 15ನೇ ಪಿನ್‌ಗಳ ಮೂಲಕ ಮಾನಿಟರ್ ತನ್ನ ಅಳತೆಯನ್ನು ಯಂತ್ರಕ್ಕೆ ತಿಳಿಸುತ್ತದೆ. ಅವು ಬಾಗಿದ್ದರೆ ಅಥವಾ ಮುರಿದಿದ್ದರೆ ಲಿನಕ್ಸ್ ಊಹೆಯ ಮೇಲೆ ಚಿಕ್ಕ ಅಳತೆಯನ್ನು ಆರಿಸಿಕೊಳ್ಳುತ್ತದೆ. 9ನೇ ಪಿನ್ ಇಲ್ಲದಿರುವುದು ಮಾತ್ರ ಸಹಜ, ಅದಕ್ಕೆ ಹೆದರಬೇಡಿ. ಬೇರೆ ಕೇಬಲ್ ಹಾಕಿದ ಕೂಡಲೇ ಸರಿಹೋದರೆ ಮುಗಿಯಿತು.

ಅಕ್ಷರಗಳು ಓಡುತ್ತಾ ಅರ್ಧಕ್ಕೆ ನಿಲ್ಲುತ್ತವೆ, ಅಥವಾ ಕರ್ನಲ್ ಪ್ಯಾನಿಕ್ ಎಂದು ಬರುತ್ತದೆ.

ಕೊನೆಯ ಐದಾರು ಸಾಲುಗಳ ಫೋಟೊ ತೆಗೆದುಕೊಳ್ಳಿ. ಸ್ಕ್ವಾಷ್‌ಎಫ್‌ಎಸ್ ಎರರ್ ಎಂಬ ಮಾತಿದ್ದರೆ ಪೆನ್‌ಡ್ರೈವಿನಿಂದ ಓದಿದ್ದು ಕೆಟ್ಟಿದೆ. ಪೆನ್‌ಡ್ರೈವ್ ಬದಲಿಸಿ, ಪೋರ್ಟ್ ಬದಲಿಸಿ, ಆಮೇಲೆ ರ‍್ಯಾಮ್ ನೋಡಿ. ಎಸಿಪಿಐ (ವಿದ್ಯುತ್ ನಿರ್ವಹಣೆಯ ವ್ಯವಸ್ಥೆ) ಎಂಬ ಹೆಸರಿನ ದೂರುಗಳ ನಡುವೆ ನಿಂತರೆ ಮೊದಲು ಬಯಾಸನ್ನು ಮೂಲ ಸ್ಥಿತಿಗೆ ತಂದು ನೋಡಿ, ತಯಾರಕರು ಹೊಸ ಬಯಾಸ್ ಕೊಟ್ಟಿದ್ದರೆ ಅದನ್ನು ಹಾಕಿ. ಆಮೇಲೆ ಬೂಟ್ ಸಾಲಿನಲ್ಲಿ ನೋಎಪಿಕ್ ಸೇರಿಸಿ ನೋಡಿ. ಎಸಿಪಿಐ=ಆಫ್ ಎಂಬುದು ಕಟ್ಟಕಡೆಯ ಉಪಾಯ, ಏಕೆಂದರೆ ಅದರಿಂದ ಶಟ್‌ಡೌನ್ ಮಾಡಿದರೂ ಯಂತ್ರ ತಾನಾಗಿ ಆಫ್ ಆಗದೆ ಉಳಿಯುತ್ತದೆ, ಹಲವು ಯಂತ್ರಗಳಲ್ಲಿ ಒಂದೇ ಕೋರ್ ಕೆಲಸ ಮಾಡುತ್ತದೆ.

ಒಂದು ಸಲಕ್ಕೆ ಒಂದೇ ಆಯ್ಕೆ ಬದಲಿಸಿ. ನಾಲ್ಕು ಪದಗಳನ್ನು ಒಟ್ಟಿಗೆ ತುರುಕಿ ಯಂತ್ರ ಎದ್ದರೆ, ಯಾವುದರಿಂದ ಎದ್ದಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಇನ್‌ಸ್ಟಾಲ್ ಆಗುತ್ತಾ ಆಗುತ್ತಾ ನಡುವೆ ನಿಂತುಬಿಡುತ್ತದೆ.

ಇಲ್ಲಿ ಒಂದು ಪರೀಕ್ಷೆ ಬಹಳ ಉಪಯೋಗಕ್ಕೆ ಬರುತ್ತದೆ. ಎರಡು ಮೂರು ಸಲ ಪ್ರಯತ್ನಿಸಿ, ಎಲ್ಲಿ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತರೆ ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕಿನ ಕಡೆ ನೋಡಿ. ಒಮ್ಮೆ ಕಡತ ನಕಲು ಮಾಡುವಾಗ, ಇನ್ನೊಮ್ಮೆ ಭಾಷೆ ಆರಿಸುವಾಗ, ಮತ್ತೊಮ್ಮೆ ಕೊನೆಯಲ್ಲಿ, ಹೀಗೆ ಬೇರೆ ಬೇರೆ ಕಡೆ ನಿಂತರೆ ಅನುಮಾನ ಹೋಗಬೇಕಾದದ್ದು ರ‍್ಯಾಮ್, ಕಾವು ಮತ್ತು ಎಸ್‌ಎಂಪಿಎಸ್ ಕಡೆಗೆ.

ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86+ ಇದೆ. ಅನೇಕ ಲೈವ್ ಪೆನ್‌ಡ್ರೈವ್‌ಗಳ ಮೆನುವಿನಲ್ಲೇ ಸಿಗುತ್ತದೆ. ಕನಿಷ್ಠ ಒಂದು ಸುತ್ತು ಪೂರ್ತಿಯಾಗಲಿ, ಸಾಧ್ಯವಾದರೆ ರಾತ್ರಿಯಿಡೀ ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮ್ ನಂಬಲರ್ಹವಲ್ಲ. ಇಷ್ಟು ದೊಡ್ಡ ಮೆಮೊರಿಯಲ್ಲಿ ಒಂದು ತಪ್ಪು ಯಾವ ಲೆಕ್ಕ ಎಂದು ಬಿಟ್ಟರೆ ಅದೇ ಒಂದು ತಪ್ಪು ನಾಳೆ ನಿಮ್ಮ ಕಡತವನ್ನು ಸದ್ದಿಲ್ಲದೆ ಕೆಡಿಸುತ್ತದೆ. ಎರಡು ಪಟ್ಟಿಗಳಿದ್ದರೆ ಒಂದನ್ನು ತೆಗೆದು ಪರೀಕ್ಷಿಸಿ, ಆಮೇಲೆ ಇನ್ನೊಂದನ್ನು, ಆಮೇಲೆ ಅದೇ ಪಟ್ಟಿಯನ್ನು ಬೇರೆ ಸ್ಲಾಟ್‌ನಲ್ಲಿ. ತಪ್ಪು ಪಟ್ಟಿಯದೋ ಸ್ಲಾಟಿನದೋ ಎಂಬುದು ಆಗ ಬಿಡಿಬಿಡಿಯಾಗಿ ತಿಳಿಯುತ್ತದೆ.

ಡಿಸ್ಕಿನ ಆರೋಗ್ಯ ತಿಳಿಯಲು ಲೈವ್ ಲಿನಕ್ಸ್‌ನ ಡಿಸ್ಕ್ಸ್ ಎಂಬ ಸಾಧನ ತೆರೆದು ಸ್ಮಾರ್ಟ್ ದತ್ತಾಂಶ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ನೋಡಿ. ಟರ್ಮಿನಲ್ ಬಲ್ಲವರು ಸ್ಮಾರ್ಟ್‌ಸಿಟಿಎಲ್ ಬಳಸಬಹುದು. ನಾಲ್ಕು ಸಂಖ್ಯೆಗಳ ಮೇಲೆ ಕಣ್ಣಿಡಿ. 5ನೆಯದು ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರ್‌ಗಳು, 197 ಓದಲಾಗದೆ ಕಾಯುತ್ತಿರುವವು, 198 ಸರಿಪಡಿಸಲಾಗದವು. ಇವು ಸೊನ್ನೆಯಾಗಿದ್ದರೆ ನೆಮ್ಮದಿ. 197 ಏರುತ್ತಲೇ ಇದ್ದರೆ ಆ ಡಿಸ್ಕಿಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. 199 ಏರುತ್ತಿದ್ದರೆ ತಪ್ಪು ಡಿಸ್ಕಿನದಲ್ಲ, ಹೆಚ್ಚಾಗಿ ಸಾಟಾ ಕೇಬಲ್ಲಿನದು. ಒಳ್ಳೆಯ ಡಿಸ್ಕನ್ನು ಈ ಒಂದು ಸಂಖ್ಯೆಯಿಂದಾಗಿ ಬಿಸಾಡಿದವರಿದ್ದಾರೆ.

ಇನ್‌ಸ್ಟಾಲರ್‌ಗೆ ಹಾರ್ಡ್ ಡಿಸ್ಕೇ ಕಾಣುವುದಿಲ್ಲ.

ಬಯಾಸ್‌ಗೆ ಕಾಣುತ್ತಿದೆಯೇ ನೋಡಿ. ಅಲ್ಲೂ ಇಲ್ಲದಿದ್ದರೆ ಕೇಬಲ್, ಪವರ್ ಕನೆಕ್ಟರ್. ಐಡಿಇ ಡಿಸ್ಕ್ ಆದರೆ ಮಾಸ್ಟರ್ ಮತ್ತು ಸ್ಲೇವ್ ಜಂಪರ್. ಕ್ಲಿಪ್ ಇಲ್ಲದ ಹಳೆಯ ಸಾಟಾ ಕೇಬಲ್‌ಗಳು ಕಾಲಕ್ರಮದಲ್ಲಿ ತಾವಾಗಿಯೇ ಸಡಿಲವಾಗುತ್ತವೆ.

ಬಯಾಸ್‌ಗೆ ಕಾಣುತ್ತಿದ್ದು ಇನ್‌ಸ್ಟಾಲರ್‌ಗೆ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ವಿಧಾನವನ್ನು ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿ. ಪಕ್ಕದಲ್ಲೇ ವಿಂಡೋಸ್ ಉಳಿಸಿಕೊಳ್ಳುವವರು ಎಚ್ಚರ. ಈ ಬದಲಾವಣೆಯ ನಂತರ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು, ಅದಕ್ಕೆ ಮೊದಲೇ ಅಣಿ ಮಾಡಿಕೊಳ್ಳಬೇಕು. ತೀರ ಹಳೆಯ ಬಯಾಸ್‌ಗಳು 137 ಜಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಗುರುತಿಸಲಾರವು. ಅಂಥಲ್ಲಿ ಬೂಟ್ ವಿಭಾಗವನ್ನು ಡಿಸ್ಕಿನ ಆರಂಭದಲ್ಲೇ ಇಡಿ.

ಇನ್‌ಸ್ಟಾಲ್ ಚೆನ್ನಾಗಿ ಮುಗಿಯಿತು. ರೀಬೂಟ್ ಮಾಡಿದರೆ ಗ್ರಬ್ ರೆಸ್ಕ್ಯೂ ಎಂದು ನಿಲ್ಲುತ್ತದೆ, ಅಥವಾ ಬೂಟ್ ಸಾಧನವೇ ಇಲ್ಲ ಎನ್ನುತ್ತದೆ.

ಪೆನ್‌ಡ್ರೈವ್ ಸಿಕ್ಕಿಸಿದಾಗ ಬೂಟ್ ಆಗಿ, ಕಿತ್ತಾಗ ಆಗದಿದ್ದರೆ ಗ್ರಬ್ (ಲಿನಕ್ಸನ್ನು ಎಬ್ಬಿಸುವ ಪುಟ್ಟ ತಂತ್ರಾಂಶ) ಹೋಗಿ ಕೂತದ್ದು ಪೆನ್‌ಡ್ರೈವಿನ ಮೇಲೆ. ಕೆಲವು ಹಳೆಯ ಬಯಾಸ್‌ಗಳು ಪೆನ್‌ಡ್ರೈವನ್ನೇ ಮೊದಲ ಡಿಸ್ಕ್ ಎಂದು ಎಣಿಸುತ್ತವೆ, ಇನ್‌ಸ್ಟಾಲರ್ ಅದನ್ನೇ ನಂಬಿಬಿಡುತ್ತದೆ. ಗ್ರಬ್ ಎಲ್ಲಿ ಹಾಕಲಿ ಎಂದು ಕೇಳುವ ಪುಟದಲ್ಲಿ ಹೆಸರನ್ನಲ್ಲ, ಅಳತೆಯನ್ನು ನೋಡಿ ಆರಿಸಿ. 320 ಜಿಬಿ ಡಿಸ್ಕ್ ಯಾವುದು, 16 ಜಿಬಿ ಪೆನ್‌ಡ್ರೈವ್ ಯಾವುದು ಎಂಬುದರಲ್ಲಿ ಗೊಂದಲವಿರುವುದಿಲ್ಲ. ಆಗಿಹೋಗಿದ್ದರೆ ಡೆಬಿಯನ್ ಇನ್‌ಸ್ಟಾಲರ್‌ನ ರೆಸ್ಕ್ಯೂ ವಿಧಾನದಲ್ಲಿ ಗ್ರಬ್ ಮಾತ್ರ ಮತ್ತೆ ಹಾಕಬಹುದು, ಎಲ್ಲವನ್ನೂ ಮೊದಲಿನಿಂದ ಮಾಡಬೇಕಿಲ್ಲ.

ಎರಡನೆಯ ಕಾರಣ ಡಿಸ್ಕಿನ ವಿಭಾಗ ಪಟ್ಟಿಯ ಬಗೆ. ಹಳೆಯ ಬಗೆ ಎಂಬಿಆರ್, ಹೊಸದು ಜಿಪಿಟಿ. ಹಳೆಯ ಬಯಾಸ್ ಇರುವ ಯಂತ್ರದಲ್ಲಿ ಜಿಪಿಟಿ ಡಿಸ್ಕ್ ಬಳಸಿದರೆ ಗ್ರಬ್‌ಗಾಗಿ 1 ಎಂಬಿಯ ಬಯಾಸ್ ಬೂಟ್ ವಿಭಾಗ ಬೇಕು. 2 ಟಿಬಿಗಿಂತ ಚಿಕ್ಕ ಡಿಸ್ಕಿಗೆ ಈ ತಾಪತ್ರಯವೇ ಬೇಡ, ಎಂಬಿಆರ್ ಆರಿಸಿ. ಬೂಟ್ ಗುರುತು ಇಲ್ಲದ ಡಿಸ್ಕನ್ನು ಮುಟ್ಟದ ಬೋರ್ಡುಗಳೂ ಇವೆ. ಜಿಪಾರ್ಟೆಡ್‌ನಲ್ಲಿ ಮೊದಲ ವಿಭಾಗಕ್ಕೆ ಬೂಟ್ ಗುರುತು ಹಾಕಿ.

2011ರಿಂದ 2013ರ ನಡುವಿನ ಮೊದಮೊದಲ ಯುಇಎಫ್‌ಐ ಯಂತ್ರಗಳ ರೋಗ ಬೇರೆ. ಕೆಲವು ತಮಗೆ ಗೊತ್ತಿರುವ ಒಂದೇ ಹೆಸರಿನ ಬೂಟ್ ಕಡತವನ್ನು ಮಾತ್ರ ಹುಡುಕುತ್ತವೆ, ಗ್ರಬ್ ಬರೆದಿಟ್ಟ ನಮೂದನ್ನು ಮರೆತುಬಿಡುತ್ತವೆ. ಡೆಬಿಯನ್ನಿನ ಪರಿಣತರ ಇನ್‌ಸ್ಟಾಲ್ ವಿಧಾನದಲ್ಲಿ ತೆಗೆಯಬಹುದಾದ ಮಾಧ್ಯಮದ ಇಎಫ್‌ಐ ಹಾದಿಗೂ ಗ್ರಬ್ ಹಾಕಬೇಕೇ ಎಂದು ಕೇಳುತ್ತದೆ. ಹೌದು ಎನ್ನಿ. ಪೆನ್‌ಡ್ರೈವನ್ನು ಯುಇಎಫ್‌ಐ ವಿಧಾನದಲ್ಲಿ ಬೂಟ್ ಮಾಡಿ ಯಂತ್ರವನ್ನು ಲೆಗಸಿಯಲ್ಲಿ (ಹಳೆಯ ಬಯಾಸ್ ವಿಧಾನದಲ್ಲಿ) ಎಬ್ಬಿಸಲು ನೋಡಿದರೂ ಇದೇ ಫಲ. ಎರಡೂ ಒಂದೇ ವಿಧಾನದಲ್ಲಿರಲಿ.

ಅಪ್‌ಡೇಟ್ ಆಗುತ್ತಿಲ್ಲ, ಯಾವ ಜಾಲತಾಣವೂ ತೆರೆಯುತ್ತಿಲ್ಲ. ಇಂಟರ್ನೆಟ್ ಮಾತ್ರ ಇದೆ.

ಗಡಿಯಾರ ನೋಡಿ. ದಿನಾಂಕ 2009 ಎಂದಿದ್ದರೆ ಉತ್ತರ ಸಿಕ್ಕಿತು. ಜಾಲತಾಣಗಳ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ ಎಂದು ಯಂತ್ರ ಭಾವಿಸುತ್ತದೆ. ಅಪ್‌ಡೇಟ್ ತರುವ ಆಪ್ಟ್ ಕೂಡ ಬಿಡುಗಡೆಯ ಕಡತ ಇನ್ನೂ ಮಾನ್ಯವಲ್ಲ ಎಂದು ಹಟ ಹಿಡಿಯುತ್ತದೆ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ 3 ವೋಲ್ಟಿನದು. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸಿ, ಬಯಾಸ್‌ನಲ್ಲಿ ದಿನಾಂಕ ಸರಿಪಡಿಸಿ, ಸಾಟಾ ಮತ್ತು ಬೂಟ್ ಆಯ್ಕೆಗಳು ಮೊದಲಿನಂತಿವೆಯೇ ನೋಡಿ, ಏಕೆಂದರೆ ಬ್ಯಾಟರಿ ಸತ್ತಾಗ ಅವೂ ಅಳಿಸಿಹೋಗಿರುತ್ತವೆ.

ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವಲ್ಲಿ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತಿದ್ದರೆ ಬ್ಯಾಟರಿಯದೇನೂ ತಪ್ಪಿಲ್ಲ. ವಿಂಡೋಸ್ ಸ್ಥಳೀಯ ಸಮಯವನ್ನೂ ಲಿನಕ್ಸ್ ಯುಟಿಸಿಯನ್ನೂ (ವಿಶ್ವ ಪ್ರಮಾಣ ಸಮಯ) ಬರೆದಿಡುತ್ತವೆ. ಟೈಮ್‌ಡೇಟ್‌ಸಿಟಿಎಲ್ ಆದೇಶದಲ್ಲಿ ಸೆಟ್-ಲೋಕಲ್-ಆರ್‌ಟಿಸಿ 1 ಎಂದು ಕೊಟ್ಟರೆ ಎರಡೂ ಹೊಂದಿಕೊಳ್ಳುತ್ತವೆ.

ವೈಫೈ ಬರುತ್ತಿಲ್ಲ.

ಮೊದಲು ತಾತ್ಕಾಲಿಕ ದಾರಿ ಮಾಡಿಕೊಳ್ಳಿ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರ್ ಹಾಕದೆಯೂ ಲಿನಕ್ಸ್ ಅದನ್ನು ತಂತಿಯ ಸಂಪರ್ಕವೆಂದು ಗುರುತಿಸುತ್ತದೆ.

ಆಮೇಲೆ ಎಲ್‌ಎಸ್‌ಪಿಸಿಐ ಆದೇಶದಿಂದ ಕಾರ್ಡಿನ ಹೆಸರು ತಿಳಿಯಿರಿ. ಅಥೆರೋಸ್‌ನ ಎಆರ್9285ರಂಥವು ಏನೂ ಕೇಳದೆ ಓಡುತ್ತವೆ. ಹಳೆಯ ಇಂಟೆಲ್ ಕಾರ್ಡುಗಳಿಗೆ ಫರ್ಮ್‌ವೇರ್ ಬೇಕು. ಡೆಬಿಯನ್ 12ರಿಂದ ಈಚೆಗೆ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಅದು ಇರುತ್ತದೆ. ಕಾಟ ಕೊಡುವುದು ಬ್ರಾಡ್‌ಕಾಮ್, ಅದರಲ್ಲೂ ಬಿಸಿಎಂ4311 ಮತ್ತು 4312. ಇವುಗಳ ಫರ್ಮ್‌ವೇರನ್ನು ವಿತರಣೆಗಳು ತಾವೇ ಹಂಚುವಂತಿಲ್ಲವಾದ್ದರಿಂದ, ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್ ಎಂಬ ಪೊಟ್ಟಣ ಅದನ್ನು ಇಂಟರ್ನೆಟ್‌ನಿಂದ ತಂದು ಬಿಡಿಸಿಡುತ್ತದೆ. ವೈಫೈ ಬರಲು ಇಂಟರ್ನೆಟ್ ಬೇಕು ಎಂಬ ಈ ತೊಡಕಿಗೆ ಫೋನಿನ ಟೆದರಿಂಗ್ ಪರಿಹಾರ.

ಕಾರ್ಡ್ ಗುರುತಾಗಿದೆ, ಜಾಲಗಳು ಕಾಣುತ್ತಿಲ್ಲ ಎಂದಾದರೆ ಆರ್‌ಎಫ್‌ಕಿಲ್ ಲಿಸ್ಟ್ ಎಂದು ಕೊಡಿ. ಹಾರ್ಡ್ ಬ್ಲಾಕ್ಡ್ ಎಂದಿದ್ದರೆ ಲ್ಯಾಪ್‌ಟಾಪ್‌ನ ಅಂಚಿನಲ್ಲಿ ಒಂದು ಚಿಕ್ಕ ಗುಂಡಿ ಹುಡುಕಿ. ಬೇರೆ ಜಾಲಗಳು ಕಂಡು ನಿಮ್ಮದು ಮಾತ್ರ ಕಾಣದಿದ್ದರೆ ಅದು 5 ಗಿಗಾಹರ್ಟ್ಸ್‌ನಲ್ಲಿರಬಹುದು. ಆ ಕಾಲದ ಬಹುತೇಕ ಕಾರ್ಡುಗಳು 2.4 ಮಾತ್ರ ಬಲ್ಲವು. ಫೋನಿನ ಹಾಟ್‌ಸ್ಪಾಟ್‌ನಲ್ಲೂ ಇದೇ ತೊಂದರೆ ಬರುತ್ತದೆ, ಬ್ಯಾಂಡ್ ಬದಲಿಸಿ. ರೌಟರ್ 12 ಅಥವಾ 13ನೇ ಚಾನೆಲ್‌ನಲ್ಲಿದ್ದರೂ ಅಮೆರಿಕದ ನಿಯಮಕ್ಕೆ ಹೊಂದಿಸಿದ ಕಾರ್ಡುಗಳಿಗೆ ಕಾಣುವುದಿಲ್ಲ. 1, 6, 11ರಲ್ಲಿ ಒಂದನ್ನು ಆರಿಸಿ.

ಕಾರ್ಡನ್ನೇ ಬದಲಿಸುವ ಯೋಚನೆ ಇದ್ದರೆ, ಹಳೆಯ ಥಿಂಕ್‌ಪ್ಯಾಡ್ ಮತ್ತು ಎಚ್‌ಪಿ ಲ್ಯಾಪ್‌ಟಾಪ್‌ಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲು ಒಪ್ಪುವುದಿಲ್ಲ. ಅಲ್ಲಿ ಯುಎಸ್‌ಬಿ ವೈಫೈ ಲೇಸು.

ಸದ್ದು ಬರುತ್ತಿಲ್ಲ.

ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆಯಿರಿ. ಯಾವ ಕಂಬದ ಕೆಳಗಾದರೂ ಎಂಎಂ ಎಂದಿದ್ದರೆ ಅದು ಮ್ಯೂಟ್ ಆಗಿದೆ, ಎಂ ಕೀಲಿ ಒತ್ತಿ. ಎಫ್6 ಒತ್ತಿ ಸರಿಯಾದ ಸೌಂಡ್ ಕಾರ್ಡ್ ಆರಿಸಿದ್ದೀರಾ ನೋಡಿ. ಎಚ್‌ಡಿಎಂಐ ಆಯ್ಕೆಯಾಗಿದ್ದು ಸ್ಪೀಕರ್ ಹಸಿರು ಕಿಂಡಿಯಲ್ಲಿರುವುದು ಸಾಮಾನ್ಯ. ಹಿಂದಿನ ಕಿಂಡಿಯಲ್ಲಿ ಸದ್ದು ಬಂದು ಕ್ಯಾಬಿನೆಟ್ ಮುಂಭಾಗದಲ್ಲಿ ಬರದಿದ್ದರೆ ಬಯಾಸ್‌ನಲ್ಲಿ ಮುಂಭಾಗದ ಆಡಿಯೊ ಬಗೆಯನ್ನು ಎಸಿ97 ಮತ್ತು ಎಚ್‌ಡಿ ಆಡಿಯೊ ನಡುವೆ ಬದಲಿಸಿ ನೋಡಿ.

ನಮ್ಮ ಅಂಗಡಿಯ ಹಳೆಯ ಲೇಸರ್ ಪ್ರಿಂಟರ್ ಓಡುತ್ತದೆಯೇ?

ಎರಡು ಮಾದರಿಗಳ ಬಗ್ಗೆಯೇ ಹೆಚ್ಚು ಕೇಳುತ್ತಾರೆ. ಎಚ್‌ಪಿ ಲೇಸರ್‌ಜೆಟ್ 1020 ಚೆನ್ನಾಗಿ ಓಡುತ್ತದೆ. ಅದರೊಳಗೆ ಫರ್ಮ್‌ವೇರ್ ಉಳಿಯುವುದಿಲ್ಲ, ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಕಳುಹಿಸಬೇಕು. ಎಚ್‌ಪಿ ಪ್ರಿಂಟರ್‌ಗಳ ತಂತ್ರಾಂಶವಾದ ಎಚ್‌ಪಿಲಿಪ್ ಹಾಕಿ ಎಚ್‌ಪಿ-ಪ್ಲಗಿನ್ ಆದೇಶ ಕೊಟ್ಟರೆ ಅದಕ್ಕೆ ವ್ಯವಸ್ಥೆಯಾಗುತ್ತದೆ. ಕ್ಯಾನನ್ ಎಲ್‌ಬಿಪಿ2900 ಕಷ್ಟದ್ದು. ಅದು ಕ್ಯಾಪ್ಟ್ ಎಂಬ ಕ್ಯಾನನ್‌ನ ಸ್ವಂತ ಭಾಷೆಯನ್ನಷ್ಟೇ ಬಲ್ಲದು. ಕಂಪನಿಯದೇ ಲಿನಕ್ಸ್ ಡ್ರೈವರ್ ಇದೆ, ಸಮುದಾಯ ಬರೆದ ಮುಕ್ತ ಡ್ರೈವರ್ ಸಹ ಇದೆ. ಎರಡಕ್ಕೂ ತಾಳ್ಮೆ ಬೇಕು. ದಿನದ ದುಡಿಮೆ ಈ ಪ್ರಿಂಟರ್ ಮೇಲೆ ನಿಂತಿದ್ದರೆ, ಅದು ಓಡುವುದನ್ನು ಕಣ್ಣಾರೆ ಕಾಣುವವರೆಗೆ ವಿಂಡೋಸ್ ಅಳಿಸಬೇಡಿ.

ಎಲ್ಲ ಸರಿ, ಆದರೆ ಬಹಳ ನಿಧಾನ. ಏನು ಹಾಕಿಸಲಿ?

ಎಸ್‌ಎಸ್‌ಡಿ. ಸಾಟಾ ಇರುವ ಯಂತ್ರಕ್ಕೆ ಇದಕ್ಕಿಂತ ಫಲ ಕೊಡುವ ಖರ್ಚು ಬೇರೆ ಇಲ್ಲ. ಬೋರ್ಡ್ ಸಾಟಾ 2 ಆಗಿದ್ದರೂ ಚಿಂತೆಯಿಲ್ಲ. ಎರಡನೆಯದು ರ‍್ಯಾಮ್. ಜಿ31 ಬೋರ್ಡು 4 ಜಿಬಿವರೆಗೆ ಒಪ್ಪುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬಳಸಿದ ಡಿಡಿಆರ್2 ಪಟ್ಟಿಗಳು ಇನ್ನೂ ಸಿಗುತ್ತವೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬರುವ ಕೆಲವು 4 ಜಿಬಿ ಡಿಡಿಆರ್2 ಪಟ್ಟಿಗಳ ಮೇಲೆ ಎಎಂಡಿಗೆ ಮಾತ್ರ ಎಂದು ಬರೆದಿರುತ್ತದೆ. ಅವು ಇಂಟೆಲ್ ಬೋರ್ಡಿನಲ್ಲಿ ಓಡುವುದಿಲ್ಲ, ಕೊಳ್ಳಬೇಡಿ.

ಡೆಸ್ಕ್‌ಟಾಪ್ ಪರಿಸರಕ್ಕೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಆರಿಸಿ. ಗ್ನೋಮ್ ಈ ಯಂತ್ರಗಳಿಗೆ ಭಾರ. 2 ಜಿಬಿ ಇದ್ದವರು ಮೆಮೊರಿಯಲ್ಲಿರುವುದನ್ನು ಕುಗ್ಗಿಸಿ ಜಾಗ ಉಳಿಸುವ ಝಡ್‌ರ‍್ಯಾಮ್ ಸಕ್ರಿಯಗೊಳಿಸಿ. ಡೆಲ್ ಲ್ಯಾಪ್‌ಟಾಪ್ ಕಾರಣವಿಲ್ಲದೆ ತೆವಳುತ್ತಿದ್ದರೆ ಚಾರ್ಜರ್ ನೋಡಿ. ಅದರ ನಡುವಿನ ತೆಳುವಾದ ಪಿನ್ ಮುರಿದಿದ್ದರೆ ಲ್ಯಾಪ್‌ಟಾಪ್ ಚಾರ್ಜರ್‌ನ ಗುರುತು ಸಿಗದೆ ಪ್ರೊಸೆಸರ್ ವೇಗವನ್ನು ಕೆಳಗಿಳಿಸಿಕೊಳ್ಳುತ್ತದೆ. ಲಿನಕ್ಸ್ ಬದಲಿಸಿ ಬದಲಿಸಿ ಬೇಸತ್ತವರಿಗೆ ಇದು ಹೊಳೆಯುವುದೇ ಇಲ್ಲ.

ಯಾವ ಯಂತ್ರವನ್ನು ಕೈಬಿಡಬೇಕು?

ಕೆಪಾಸಿಟರ್ ಉಬ್ಬಿ ಬದಲಿಸುವವರು ಸಿಗದ ಬೋರ್ಡ್, ಎಸ್‌ಎಸ್‌ಇ2 (ಇಂದಿನ ಬ್ರೌಸರ್‌ಗಳಿಗೆ ಬೇಕಾದ ಪ್ರೊಸೆಸರ್ ಸೌಲಭ್ಯ) ಇಲ್ಲದ ಪೆಂಟಿಯಂ 3 ಅಥವಾ ಅಥ್ಲಾನ್ ಎಕ್ಸ್‌ಪಿ. ಈ ಪ್ರೊಸೆಸರ್‌ಗಳಲ್ಲಿ ಇಂದಿನ ಫೈರ್‌ಫಾಕ್ಸ್, ಕ್ರೋಮ್‌ಗಳು ಓಡುವುದಿಲ್ಲ. ಉಳಿದವಕ್ಕೆ ಅವಕಾಶ ಕೊಡಿ. ಬಿಡುವುದಾದರೂ ಡಿಸ್ಕನ್ನು ಪೂರ್ತಿ ಅಳಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ. ಎಸ್‌ಎಂಪಿಎಸ್, ರ‍್ಯಾಮ್, ಕೇಬಲ್‌ಗಳನ್ನು ಬಿಚ್ಚಿಟ್ಟುಕೊಳ್ಳಿ, ಇನ್ನೊಂದು ಯಂತ್ರದ ಪರೀಕ್ಷೆಗೆ ಆಗುತ್ತವೆ.

ಬೇರೆಯವರ ಸಹಾಯ ಕೇಳುವಾಗ ಏನೇನು ತಿಳಿಸಬೇಕು?

ಬೋರ್ಡ್ ಅಥವಾ ಲ್ಯಾಪ್‌ಟಾಪ್‌ನ ಪೂರ್ತಿ ಮಾದರಿ ಹೆಸರು, ಪ್ರೊಸೆಸರ್, ರ‍್ಯಾಮ್ ಎಷ್ಟು, ಯಾವ ವಿತರಣೆಯ ಯಾವ ಆವೃತ್ತಿ, ಬೂಟ್ ಲೆಗಸಿಯೋ ಯುಇಎಫ್‌ಐಯೋ. ಪರದೆಯ ಕೊನೆಯ ಸಾಲುಗಳ ಸ್ಪಷ್ಟ ಫೋಟೊ. ಎಲ್‌ಎಸ್‌ಪಿಸಿಐ ಆದೇಶವನ್ನು ಹೈಫನ್ ಎನ್‌ಎನ್ ಸೇರಿಸಿ ಕೊಟ್ಟರೆ ಪ್ರತಿ ಸಾಲಿನ ಕೊನೆಯಲ್ಲಿ ಚೌಕ ಆವರಣದೊಳಗೆ ಗುರುತಿನ ಸಂಖ್ಯೆ ಬರುತ್ತದೆ. 8086 ಎಂದು ಆರಂಭವಾದರೆ ಅದು ಇಂಟೆಲ್ ಚಿಪ್ಪು. ಡಬ್ಬದ ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಚಿಪ್ಪು ಬೇರೆ ಬೇರೆ ಇರುವುದರಿಂದ ಈ ಸಂಖ್ಯೆಯೇ ಗಟ್ಟಿ ಆಧಾರ.

ತೊಂದರೆ ಶುರುವಾಗುವ ಸ್ವಲ್ಪ ಮೊದಲು ಏನು ಬದಲಿಸಿದ್ದಿರಿ ಎಂಬುದನ್ನೂ ಬರೆಯಿರಿ. ಹೊಸ ರ‍್ಯಾಮ್ ಹಾಕಿಸಿದ್ದು, ಕ್ಯಾಬಿನೆಟನ್ನು ಮೇಜಿನಿಂದ ಮೇಜಿಗೆ ಸರಿಸಿದ್ದು, ರಾತ್ರಿ ಸಿಡಿಲು ಬಡಿದದ್ದು, ಯಾವುದನ್ನೂ ಬಿಡಬೇಡಿ. ಸಿಡಿಲಿನ ರಾತ್ರಿಯ ನಂತರ ಲ್ಯಾನ್ ಪೋರ್ಟ್ ಸತ್ತಿದ್ದರೆ ಯಾವ ಡ್ರೈವರ್ ಹಾಕಿದರೂ ಅದು ಎದ್ದು ಬರದು. ಪಿಸಿಐ ಸ್ಲಾಟಿಗೊಂದು ನೆಟ್‌ವರ್ಕ್ ಕಾರ್ಡ್ ಹಾಕಿಕೊಳ್ಳಿ.